ಲಂಡನ್ನಿಗೆ ಮನೆ ನೋಡಲು ಹೋಗಿದ್ದು

ಲಂಡನ್ನಿಗೆ ಹೋಗಿ ನಾನು ಏನೇನು ನೋಡಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಗಡಿಯಾರ ನೋಡಲಿಲ್ಲ. ಹಡಗು ಬಂದರೆ ಎರಡು ಹೋಳಾಗಿ ಮೇಲೇಳುವ ಸೇತುವೆ ನೋಡಲಿಲ್ಲ. ಅರಮನೆಯ ಮುಂದೆ ಕೂದಲಿನ ಟೋಪಿ ಹಾಕಿ ನಿಲ್ಲುವ ಸಿಪಾಯಿಗಳನ್ನು ನಮ್ಮ ಮನೆಯವರು ಫೋನಿನಲ್ಲಿ ತೋರಿಸಿದರು, ಅಷ್ಟೇ. ಅಂಗಡಿಗೆ ಬಂದವರು "ಅಷ್ಟು ದೂರ ಹೋಗಿ ಏನ್ ಮಾಡಿದ್ರಿ ಶಾಂತವ್ವಾರ?" ಎಂದು ಕೇಳಿದರೆ "ಮನಿ ನೋಡಿ ಬಂದೆ" ಎನ್ನುತ್ತೇನೆ. ಅವರು ನಾವೇನೋ ಅಲ್ಲಿ ಮನೆ ಕೊಂಡಿದ್ದೇವೆ ಎಂದು ತಿಳಿದು ನಮ್ಮವರ ಮುಖ ನೋಡುತ್ತಾರೆ. ನಾನು ನೋಡಿದ್ದು ಆ ಥರದ ಮನೆಯಲ್ಲ.

ನರಗುಂದ

ನರಗುಂದದಲ್ಲಿ ನಮ್ಮದು ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಔಷಧದ ಅಂಗಡಿ. ಗೋವಿನಜೋಳದ ಬೀಜ ಚಲೋ ಮಾರಿದ ಅಂಗಡಿಯವರನ್ನು ಬೀಜದ ಕಂಪನಿಯವರು ಪರದೇಶ ತೋರಿಸಲು ಕರೆದುಕೊಂಡು ಹೋಗುತ್ತಾರೆ. ಹಿಂದೊಮ್ಮೆ ಬ್ಯಾಂಕಾಕಿಗೆ ಒಬ್ಬರೇ ಹೋಗಿ ಬಂದ ನಮ್ಮವರು "ನಿನಗ ಅಲ್ಲಿ ಬ್ಯಾಸರಾಗ್ತಿತ್ತು" ಎಂದಿದ್ದರು. ಯಾಕೆಂದು ನಾನೂ ಕೇಳಲಿಲ್ಲ. ಈ ಸಲ ಲಂಡನ್, ಹೆಂಡತಿಯರೂ ಬರಬಹುದು ಎಂದಾಯಿತು.

ಅದೇ ಹೊತ್ತಿಗೆ ಬೆಳವಣಕಿಯಲ್ಲಿರುವ ನನ್ನ ತಮ್ಮ ಈರಪ್ಪನ ಮಗಳು ಸುಮಾಗೆ ಲಂಡನ್ನಿನ ಒಂದು ಹೆಸರುವಾಸಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ನೆರೆ ಬಂದಾಗ ಹೊಳೆ ಯಾವ ಕಡೆ ಹೊರಳುತ್ತದೆ, ಎಲ್ಲಿಯ ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬುದರ ಓದು. ಖರ್ಚೆಲ್ಲ ಸ್ಕಾಲರ್‌ಶಿಪ್ ಕೊಟ್ಟವರದು, ಅದರ ತಕರಾರಿಲ್ಲ. ತಕರಾರಿದ್ದದ್ದು ಕಾಣದ ಮನೆಗೆ ಹುಡುಗಿಯನ್ನು ಕಳಿಸುವುದರಲ್ಲಿ. ನಾವು ಲಂಡನ್ನಿನಲ್ಲಿರುವ ವಾರ ಮುಗಿಯುವುದರೊಳಗೆ ಬರುತ್ತೇನೆ ಅಥವಾ ಇಲ್ಲ ಎಂದು ತಿಳಿಸಬೇಕಿತ್ತು.

"ಹೆಂಗೂ ಹೊಂಟೀಯಲ್ಲಕ್ಕಾ, ನೀ ಮನಿ ನೋಡಿ ಬಾ" ಎಂದ ಈರಪ್ಪ. "ನೀ ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ."

ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡುವುದರಲ್ಲಿ ನಮ್ಮ ಬಳಗದಲ್ಲಿ ನನ್ನದು ಕೊನೆಯ ಮಾತು. ಹೊಳೆಮಣ್ಣೂರಿನ ಒಂದು ಮನೆಯಲ್ಲಿ ಎಲ್ಲರೂ ಹುಡುಗನ ಮೀಸೆ ನೋಡುತ್ತಿದ್ದಾಗ ನಾನು ಗೋಡೆಯ ಮೇಲೆ ನೆರೆ ನೀರು ಬಿಟ್ಟುಹೋದ ಗೆರೆ ನೋಡಿ ಎದ್ದು ಬಂದಿದ್ದೆ. ಇದಕ್ಕೆ ನನ್ನವೇ ಕಟ್ಟುನಿಟ್ಟುಗಳಿವೆ. ಹೇಳದೆ ಕೇಳದೆ ಹೋಗಬೇಕು, ಹೇಳಿ ಹೋದರೆ ಮನೆಯನ್ನು ಸಾರಿಸಿ ಇಟ್ಟಿರುತ್ತಾರೆ. ಕೈ ತೊಳೆಯುವ ನೆಪ ಮಾಡಿ ಅಡುಗೆಮನೆ ಹೊಕ್ಕು ಬರಬೇಕು. ಆ ಮನೆಗೆ ಮೊದಲೇ ಬಂದ ಸೊಸೆಯರ ಮುಖ ನೋಡಬೇಕು. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಹನಿ ನೀರನ್ನೂ ಬಾಯಿಗೆ ಹಾಕಬಾರದು. ಬಾಯಿಗೆ ಏನಾದರೂ ಬಿತ್ತೆಂದರೆ ಸಂಬಂಧಕ್ಕೆ ಒಪ್ಪಿದಂತೆ, ಆಮೇಲೆ ಹಿಂದೆ ಸರಿದರೆ ಮಾತು ತಪ್ಪಿದಂತೆ.

ನಿಜ ಹೇಳಬೇಕೆಂದರೆ ನಾನು ಬೇಡ ಎನ್ನಲಿಕ್ಕೇ ಹೋಗಿದ್ದೆ. ಸುಮಾ ಹೈಸ್ಕೂಲು, ಪಿಯುಸಿ ಎಲ್ಲ ಓದಿದ್ದು ನರಗುಂದದಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು. ಈಗಲೂ ರಜೆಗೆ ಬಂದರೆ ಸಂಜೆ ಅಂಗಡಿಯಲ್ಲಿ, ದುಡ್ಡು ಎಣಿಸುವ ಗಲ್ಲೆಯ ಮೇಲೆ ನನ್ನ ಪಕ್ಕದಲ್ಲೇ ಕೂರುತ್ತಾಳೆ. ಅವಳು ಅಷ್ಟು ದೂರ ಹೋಗುವುದು ನನಗೆ ಬೇಡವಾಗಿತ್ತು. ಕಾರಣ ಬೇಕಿತ್ತು, ಅಷ್ಟೇ. ಯಾವ ಮನೆಯಲ್ಲಾದರೂ ಹುಡುಕಿದರೆ ಒಂದು ಗೆರೆ ಸಿಕ್ಕೇ ಸಿಗುತ್ತದೆ.

ವಿಮಾನ

ವಿಮಾನದಲ್ಲಿ ನನ್ನ ಪಕ್ಕ ಕೂತವಳು ಜೈನಾಬಿ, ಗಜೇಂದ್ರಗಡದಲ್ಲಿ ನಮ್ಮಂಥದೇ ಅಂಗಡಿ ಇಟ್ಟಿರುವ ರಾಜೇಸಾಬರ ಹೆಂಡತಿ. ಗಂಡಸರು ಹಿಂದೆ ಒಂದು ಗುಂಪಾಗಿ ಕೂತು ಯೂರಿಯಾ ಸುದ್ದಿ ಮಾತಾಡುತ್ತಿದ್ದರು. ಮೋಡದ ಮೇಲೆ ಹೋದರೂ ಅವರ ಮಾತು ಅಂಗಡಿಯ ಕಟ್ಟೆ ಬಿಟ್ಟು ಏಳಲಿಲ್ಲ. ಜೈನಾಬಿ ನನಗಿಂತ ಸಣ್ಣವಳು, ಶಾಂತಕ್ಕ ಎನ್ನುತ್ತಾಳೆ. ಕಿಟಕಿಯ ಹೊರಗೆ ನೋಡಿ "ಶಾಂತಕ್ಕಾ, ಇದು ಹೊಂಟೈತೋ ನಿಂತೈತೋ?" ಎಂದಳು. ನನಗೂ ಅದೇ ಅನುಮಾನವಿತ್ತು. ಗಜೇಂದ್ರಗಡದ ಬಸ್ಸಾದರೆ ಕುಳಿ ಬಂದಾಗಲಾದರೂ ಹೊರಟಿದೆ ಎಂದು ಗೊತ್ತಾಗುತ್ತದೆ.

ನಾನು ಬಂದ ಕೆಲಸ ಹೇಳಿದೆ. ಜೈನಾಬಿಯ ಕಣ್ಣು ಅರಳಿತು. "ಗಡಿಯಾರ ನೋಡಿ ಏನ್ ಮಾಡೂದೈತಿ, ನಮ್ಮ ಮನಿಯಾಗೂ ಐತಿ. ನಾ ನಿಮ್ಮ ಜೋಡಿ ಬರ್ತೀನಿ" ಎಂದಳು. ಅವಳು ಬಂದದ್ದು ಚಲೋ ಆಯಿತು. ನನಗೆ ಬರುವ ಇಂಗ್ಲಿಷು ಔಷಧದ ಡಬ್ಬಿಯ ಮೇಲಿನದು: ಮಕ್ಕಳ ಕೈಗೆ ಸಿಗದಂತೆ ಇಡಿ, ಬಿಸಿಲಿಗೆ ಇಡಬೇಡಿ, ಹೊಟ್ಟೆಗೆ ಹೋದರೆ ತಕ್ಷಣ ವೈದ್ಯರಿಗೆ ತೋರಿಸಿ. ಇದರಿಂದ ಪರದೇಶದಲ್ಲಿ ಸಂಸಾರ ನಡೆಯುವುದಿಲ್ಲ. ಜೈನಾಬಿಗೆ ಉರ್ದು ಬರುತ್ತಿತ್ತು, ಲಂಡನ್ನಿನ ಬಸ್ಸಿನವರಲ್ಲಿ ಅಂಗಡಿಯವರಲ್ಲಿ ಅರ್ಧ ಜನಕ್ಕೆ ಅದು ತಿಳಿಯುತ್ತಿತ್ತು.

ಬಾಗಿಲು

ಸೀಟು ಸಿಕ್ಕ ಹುಡುಗರ ತಂದೆತಾಯಿಗಳಿಗೆ ವಿಶ್ವವಿದ್ಯಾಲಯ ತೋರಿಸುವ ದಿನವೊಂದಿತ್ತು. ಸುಮಾ ಅದಕ್ಕೆ ನನ್ನ ಹೆಸರು ಬರೆಸಿದ್ದಳು. ನಾನು ಬೇಕೆಂದೇ ಹಿಂದಿನ ದಿನ ಹೋದೆ.

ಗಂಡಸರು ಗಡಿಯಾರದ ಕಡೆ ಹೋದರು, ನಾವಿಬ್ಬರು ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಒಬ್ಬರ ಪಕ್ಕ ಒಬ್ಬರು ಕೂತವರೂ ಪರಸ್ಪರ ಯಾವೂರು ಎಂದು ಕೇಳಲಿಲ್ಲ. ಜೈನಾಬಿಯ ಸೆರಗು ಒಬ್ಬನ ಚೀಲಕ್ಕೆ ಸಿಕ್ಕಿಕೊಂಡಾಗ ಅವನೇ ಕ್ಷಮೆ ಕೇಳಿದ. ಬಿಡಿಸಿದ ಮೇಲೆ ಮತ್ತೊಮ್ಮೆ ಕೇಳಿದ. ಇಳಿಯುವಾಗ ಮೂರನೇ ಸಲ ಕೇಳಿದಾಗ ನನಗೆ ಸಿಟ್ಟು ಬರಲು ಶುರುವಾಯಿತು.

ವಿಶ್ವವಿದ್ಯಾಲಯಕ್ಕೆ ಬಾಗಿಲಿದೆ, ಆದರೆ ಅದು ಬಾಗಿಲಿನ ಹಾಗೆ ತೆರೆಯುವುದಿಲ್ಲ. ಗಾಜಿನ ತಡೆಗಳ ಸಾಲು. ಹುಡುಗರು ಕೊರಳಲ್ಲಿನ ಕಾರ್ಡು ಮುಟ್ಟಿಸಿದರೆ ಸರಿಯುತ್ತವೆ, ಒಬ್ಬರು ದಾಟಿದ ಕೂಡಲೇ ಮುಚ್ಚಿಕೊಳ್ಳುತ್ತವೆ. ನಾನು ಒಬ್ಬ ಹುಡುಗಿಯ ಹಿಂದೆಯೇ ನುಗ್ಗಿದೆ. ತಡೆ ನನ್ನ ಚೀಲವನ್ನು ಒಳಗೂ ನನ್ನನ್ನು ಹೊರಗೂ ಇಟ್ಟು ಕೂಗತೊಡಗಿತು.

ಕಾವಲಿನ ಮನುಷ್ಯ ಬಂದ. ಅಷ್ಟು ಎತ್ತರದ ಆಳನ್ನು ನಾನು ಕಂಡಿರಲಿಲ್ಲ. ಗುರುತಿನ ಚೀಟಿ ಕೇಳಿದ. ಆಧಾರ್ ಕೊಟ್ಟೆ. ಸಾಲದೇನೋ ಎಂದು ಕ್ರಿಮಿನಾಶಕ ಮಾರುವ ಲೈಸೆನ್ಸಿನ ಪ್ರತಿಯನ್ನೂ ಕೊಟ್ಟೆ. ಅದು ಯಾವಾಗಲೂ ನನ್ನ ಚೀಲದಲ್ಲಿರುತ್ತದೆ. ಅವನು ಅದನ್ನು ಓದಿ ನನ್ನನ್ನು ನೋಡಿದ, ಮತ್ತೆ ಓದಿದ, ಎರಡು ಹೆಜ್ಜೆ ಹಿಂದೆ ಸರಿದ.

ನಾನು ನನ್ನ ಇಂಗ್ಲಿಷಿನಲ್ಲಿ ಹೇಳಿದೆ: ನನ್ನ ಹುಡುಗಿ, ನಿಮ್ಮ ಮನೆ, ನಾನು ನೋಡುವುದು. ಅವನ ಮುಖ ಸಡಿಲಾಯಿತು. ನಮ್ಮನ್ನು ಕೂರಿಸಿ, ಕಾಗದದ ಲೋಟದಲ್ಲಿ ನೀರು ತಂದುಕೊಟ್ಟ. ಅದು ಏಪ್ರಿಲ್ ತಿಂಗಳು, ಹೊರಗೆ ಚಳಿ. ಆದರೂ ನಡೆದು ನಡೆದು ನನ್ನ ಗಂಟಲು ಒಣಗಿತ್ತು. ಕೈ ಮುಗಿದು ಬೇಡವೆಂದೆ. ಜೈನಾಬಿ ತನ್ನದನ್ನೂ ಕುಡಿದು ನನ್ನದನ್ನೂ ಕುಡಿದಳು.

"ನಿನಗೇನು ಕಟ್ಟುನಿಟ್ಟಿಲ್ಲೇನ ಜೈನಾಬಿ?"

"ಹುಡುಗಿ ನಿಮ್ಮದಲ್ರಿ ಶಾಂತಕ್ಕಾ. ನಾ ಬರೇ ಜೋಡಿಗೆ ಬಂದಾಕಿ. ನನಗ ಉಣ್ಣಾಕ ಅಡ್ಡಿಲ್ಲ."

ಕಾವಲಿನವನು ಯಾರಿಗೋ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ಅಲ್ಲಿ ಓದುವ ಹುಡುಗಿಯೊಬ್ಬಳು ಓಡುತ್ತಾ ಬಂದು "ನಮಸ್ಕಾರ ಆಂಟಿ, ನಾನು ಅನಘಾ, ಮೈಸೂರಿನವಳು" ಎಂದಳು. ಬಂದವರಿಗೆ ವಿಶ್ವವಿದ್ಯಾಲಯ ತೋರಿಸುವುದು ಅವಳ ಪಾರ್ಟ್‌ಟೈಮ್ ಕೆಲಸ. ಉಳಿದ ಹೊತ್ತು ಸಂಶೋಧನೆ, ಇನ್ನೂ ಎರಡು ವರ್ಷ ಅಲ್ಲೇ. ತಿಳಿ ನೇರಳೆ ಬಣ್ಣದ ಅಂಗಿ, ಅದರ ಬೆನ್ನ ಮೇಲೆ "ನನ್ನನ್ನು ಏನು ಬೇಕಾದರೂ ಕೇಳಿ" ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಅಡುಗೆಮನೆ

ಅನಘಾ ನಮ್ಮ ಮುಂದೆ ಹಿಮ್ಮುಖವಾಗಿ ನಡೆಯುತ್ತಿದ್ದಳು. ಮುಖ ನಮ್ಮ ಕಡೆ, ಕಾಲು ಆ ಕಡೆ, ಬಾಯಿ ನಿಲ್ಲದೆ ಮಾತಾಡುತ್ತಿತ್ತು. ಹಿಂದೆ ಮೆಟ್ಟಿಲು ಬಂದಾಗ ನಾನು ಕೂಗಿಕೊಂಡೆ.

"ತಂಗೀ, ಮುಂದ ನೋಡಿ ನಡಿಯವ್ವಾ, ಬಿದ್ದೀ!"

"ಇಲ್ಲ ಆಂಟಿ, ನಮಗೆ ಟ್ರೇನಿಂಗ್ ಕೊಟ್ಟಿದ್ದಾರೆ."

ಹಿಂದಕ್ಕೆ ನಡೆಯುವುದಕ್ಕೂ ತರಬೇತಿ ಕೊಡುವ ಸಂಸ್ಥೆ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಆದರೂ ಜೈನಾಬಿ ಒಂದು ಕಡೆ, ನಾನು ಒಂದು ಕಡೆ ಅವಳ ರಟ್ಟೆ ಹಿಡಿದೇ ನಡೆದೆವು. ಎದುರಿಗೆ ಬಂದವರೆಲ್ಲ ನಾವು ಅವಳನ್ನು ಎಲ್ಲಿಗೋ ಹಿಡಿದುಕೊಂಡು ಹೋಗುತ್ತಿದ್ದೇವೆ ಎಂಬಂತೆ ನೋಡಿ ದಾರಿ ಬಿಟ್ಟರು.

ಏನು ತೋರಿಸಿದರೂ ಅನಘಾ "ತುಂಬಾ ಚೆನ್ನಾಗಿದೆ" ಎನ್ನುತ್ತಿದ್ದಳು. ಪ್ರಯೋಗಶಾಲೆ ತುಂಬಾ ಚೆನ್ನಾಗಿದೆ. ಮೇಷ್ಟ್ರುಗಳು ತುಂಬಾ ಚೆನ್ನಾಗಿದ್ದಾರೆ. ಮಳೆ ಕೂಡ ಚೆನ್ನಾಗಿದೆಯಂತೆ. ಎಲ್ಲವನ್ನೂ ಹೊಗಳುವ ಸೊಸೆ ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಅಂಥ ಮನೆಗಳಲ್ಲಿ ನಾನು ಬಾಗಿಲ ಹಿಂದೆ ನೋಡುತ್ತೇನೆ. ಹಾಗಾಗಿ ಕೈ ತೊಳೆಯಬೇಕು, ನಿಮ್ಮ ಹಾಸ್ಟೆಲ್ಲಿನ ಅಡುಗೆಮನೆ ಎಲ್ಲಿದೆ ಎಂದೆ. ಪಕ್ಕದ ಗೋಡೆಯಲ್ಲೇ ಕೈ ತೊಳೆಯುವ ಜಾಗವಿತ್ತು. ಅವಳು ಅದನ್ನು ತೋರಿಸಿದಳು. ನಾನು ಅಡುಗೆಮನೆಯೇ ಆಗಬೇಕೆಂದೆ.

ಅಡುಗೆಮನೆ ದೊಡ್ಡದಿತ್ತು, ಬೆಳಕಿತ್ತು. ನಾನು ಫ್ರಿಜ್ಜಿನ ಬಾಗಿಲು ತೆರೆದೆ. ಫ್ರಿಜ್ಜಿನಲ್ಲಿ ಸಾಲಾಗಿ ಹಾಲಿನ ಬಾಟಲಿಗಳು, ಪ್ರತಿಯೊಂದರ ಮೇಲೂ ಒಬ್ಬೊಬ್ಬರ ಹೆಸರು. ತತ್ತಿಯ ಮೇಲೂ ಪೆನ್ನಿನಿಂದ ಹೆಸರು. ಕಪಾಟುಗಳಿಗೆ ಬೀಗ. ಉಪ್ಪು ಕೂಡ ಒಬ್ಬೊಬ್ಬರದು ಒಂದೊಂದು. ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದ್ದರು: ನನ್ನ ಚೀಸ್ ತಿಂದವರು ದಯವಿಟ್ಟು ತಮ್ಮ ಮನಸ್ಸಾಕ್ಷಿಯನ್ನು ಕೇಳಿಕೊಳ್ಳಿ. ಅದರ ಕೆಳಗೆ ಇನ್ನೊಬ್ಬರು ಬರೆದಿದ್ದರು: ಕೇಳಿಕೊಂಡೆ, ಅದು ನಾನಲ್ಲ ಎಂದಿತು. ಅನಘಾ ಇದನ್ನೆಲ್ಲ ಓದಿ ಹೇಳುತ್ತಿದ್ದರೆ ಜೈನಾಬಿ ಬಾಯಿಗೆ ಸೆರಗು ಹಿಡಿದಳು.

"ಯಾವಾಗ ಬ್ಯಾರಿ ಆದ್ರಿ?" ಎಂದು ಕೇಳಿದೆ.

"ಏನು ಆಂಟಿ?"

"ಒಂದ ಮನಿಯಾಗ ಇಷ್ಟ ಉಪ್ಪಿನ ಡಬ್ಬಿ ಅದಾವಂದ್ರ ಮನಿ ಒಡದೈತಿ ಅಂತ ಅರ್ಥ. ಯಾರ ಜೋಡಿ ಯಾರಿಗೆ ಜಗಳ?"

"ಜಗಳ ಇಲ್ಲ ಆಂಟಿ. ನಾವು ಮಾತೇ ಆಡಲ್ವಲ್ಲ" ಎಂದು ಅನಘಾ ನಕ್ಕಳು. "ಪಕ್ಕದ ರೂಮಿನ ಹುಡುಗಿ ಹೆಸರು ಅವಳ ಹಾಲಿನ ಬಾಟಲಿ ನೋಡಿದ ಮೇಲೇ ನನಗೆ ಗೊತ್ತಾಗಿದ್ದು."

ಅವಳು ತಮಾಷೆಗೆಂದೇ ಹೇಳಿದಳು. ನನಗೆ ಮಾತ್ರ ಬೇಕಾದ ಗೆರೆ ಸಿಕ್ಕಿತ್ತು. ಈರಪ್ಪನಿಗೆ ಹೇಳಲು ಇಷ್ಟು ಸಾಕು ಎಂದುಕೊಂಡೆ. ಖುಷಿಯಾಗಬೇಕಿತ್ತು, ಯಾಕೋ ಆಗಲಿಲ್ಲ. ಅಷ್ಟರಲ್ಲಿ ಯಾರೋ ರೊಟ್ಟಿ ಸುಡುವ ಪೆಟ್ಟಿಗೆಯಲ್ಲಿ ಬ್ರೆಡ್ಡು ಕರಕಾಗಿಸಿದರು. ಬೆಂಕಿಯ ಗಂಟೆ ಕಟ್ಟಡವೆಲ್ಲ ಕೇಳುವಂತೆ ಬೊಬ್ಬೆ ಹೊಡೆಯಿತು. ರಾತ್ರಿ ಅಂಗಿಯವರು, ಒದ್ದೆ ಕೂದಲಿನವರು, ಒಂದೇ ಬೂಟು ಹಾಕಿದವನು, ಎಲ್ಲರೂ ಸಾಲಾಗಿ ಇಳಿದು ರಸ್ತೆಯಲ್ಲಿ ನಿಂತರು. ಕರಕಾದದ್ದು ಒಂದು ತುಣುಕು ಬ್ರೆಡ್ಡು. ನಮ್ಮ ಓಣಿಯಲ್ಲಿ ಹೀಗೆ ಗಂಟೆ ಹೊಡೆದರೆ ದಿನವೆಲ್ಲ ರಸ್ತೆಯಲ್ಲೇ ಇರಬೇಕಾಗುತ್ತಿತ್ತು. ಈ ಹುಡುಗರು ಹೊರಗೆ ಬಂದ ಮೇಲೂ ಒಬ್ಬರಿಗೊಬ್ಬರು ಮಾತಾಡದೆ ತಂತಮ್ಮ ಫೋನು ನೋಡುತ್ತಾ ಚಳಿಯಲ್ಲಿ ನಿಂತಿದ್ದರು.

ಗ್ರಂಥಾಲಯದ ಮೆಟ್ಟಿಲು

ಗ್ರಂಥಾಲಯದ ಒಳಗೆ ಸದ್ದು ಮಾಡುವಂತಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು, ಕೂತವರಲ್ಲಿ ಅನೇಕರು ಪುಸ್ತಕದ ಮೇಲೆ ಗಲ್ಲವಿಟ್ಟು ಮಲಗಿದ್ದರು. ಒಬ್ಬ ತಲೆದಿಂಬನ್ನೇ ತಂದಿದ್ದ. ನನ್ನ ಬಳೆಯ ಸಪ್ಪಳಕ್ಕೆ ಒಂದು ಸಾಲು ತಲೆಗಳು ಎದ್ದವು. ಬಳೆಗಳನ್ನು ಒತ್ತಿ ಹಿಡಿದುಕೊಂಡು ಹೊರಗೆ ಬಂದೆ.

ಹೊರಗೆ ಮೆಟ್ಟಿಲ ಮೇಲೆ ಹೈದರಾಬಾದಿನ ಹುಡುಗ ಸಿಕ್ಕ, ಇರ್ಫಾನ್ ಅಂತ, ಎಂ.ಎ. ಓದುವವನು. ಕಾಗದದ ಲೋಟದಲ್ಲಿ ಚಹಾ ಕುಡಿಯುತ್ತಿದ್ದ. ಜೈನಾಬಿಯ ಮಾತು ಕಿವಿಗೆ ಬಿದ್ದದ್ದೇ ಎದ್ದು ನಿಂತ. ಆಮೇಲೆ ಅವನನ್ನು ನಿಲ್ಲಿಸುವುದು ಕಷ್ಟವಾಯಿತು. ಅವನು ಉರ್ದುವಿನಲ್ಲಿ ದೂರುತ್ತಿದ್ದ, ಜೈನಾಬಿ ನನಗೆ ಕನ್ನಡ ಮಾಡುತ್ತಿದ್ದಳು.

"ಖೋಲಿ ಎಷ್ಟ ಸಣ್ಣೈತಿ ಅಂದ್ರ ಬಾಗಲಾ ತಗೀಬೇಕಾದ್ರ ಕಾಟಿನ ಮ್ಯಾಲ ಹತ್ತಬೇಕಂತ. ಟೊಮೆಟೋಕ್ಕ ರುಚಿ ಇಲ್ಲಂತ. ಬಿಸಲಿಲ್ಲಂತ, ಅದಕ ಡಾಕ್ಟರು ಗುಳಿಗಿ ಕೊಟ್ಟಾರಂತ, ಬಿಸಲಿನ ಗುಳಿಗಿ. ಮಾಸ್ತರು ಬಾಜೂ ಖೋಲ್ಯಾಗ ಕುಂತು ಈ-ಮೇಲ್ ಬರೀತಾರಂತ. ಗೋಡಿ ಬಡದ್ರ ಕೇಳಸ್ತೈತಿ, ಆದ್ರ ಬಡ್ಯಂಗಿಲ್ಲಂತ." ಇಷ್ಟು ಹೇಳಿ ತನ್ನದೂ ಒಂದು ಸೇರಿಸಿದಳು: "ಪಾಪ ಹುಡುಗ ಒಣಗ್ಯಾನ ನೋಡ್ರಿ."

ಗೆರೆಯ ಮೇಲೆ ಗೆರೆ. ನಾನು ಹೇಳಿದೆ, "ಅವಗ ಕೇಳು. ಇಷ್ಟ ತ್ರಾಸ ಇದ್ರ ಬಿಟ್ಟು ಊರಿಗೆ ಹೋಗಂತ ಹೇಳು."

ಜೈನಾಬಿ ಹೇಳಿದಳು. ಇರ್ಫಾನನ ಮುಖ ಕೆಂಪಾಯಿತು. ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿ ಜೋರಾಗಿ ಮಾತಾಡಿದ. ಈಗ ಜೈನಾಬಿ ಕನ್ನಡ ಮಾಡುವಾಗ ನಿಧಾನವಾದಳು.

"ಯಾಕ ಹೋಗಲಿ ಅಂತಾನ. ಇವ ಒಂದ ಲೇಖನ ಬರದಿದ್ನಂತ. ಅದ ಮಾಸ್ತರು ಅದನ್ನ ಪೂರಾ ಓದಿ ಎಲ್ಲಾ ಸಾಲಿನ ಬಾಜೂಕ ಬರದು ಕೊಟ್ರಂತ. ಇದು ತಪ್ಪು, ಇದು ಖರೇ, ಇದರ ಬಗ್ಗೆ ಇನ್ನಷ್ಟ ವಿಚಾರ ಮಾಡು ಅಂತ. ಹುಟ್ಟಿದಾಗಿಂದ ಅವನ ಮಾತು ಯಾರೂ ಅಷ್ಟ ಲಕ್ಷ್ಯ ಕೊಟ್ಟು ಕೇಳಿದ್ದಿಲ್ಲಂತ. ಈ ಜಾಗಾಕ್ಕ ನಾ ಬೈಬೋದು, ನೀವ್ಯಾರು ಬೈಯಾಕ ಅಂತಾನ."

"ನಾ ಬೈದಿಲ್ಲ, ಅವನ ಬೈದಾನ."

"ಅದನ್ನ ಹೇಳಿದೆ. ಅವಗ ಸಿಟ್ಟು ಇಳದಿಲ್ಲ."

ದಿನವೆಲ್ಲ ಅತ್ತೆಯನ್ನು ಬೈಯುತ್ತಾ, ಹೊರಗಿನವರು ಅದೇ ಅತ್ತೆಗೆ ಒಂದು ಮಾತು ಅಂದರೆ ಸೆರಗು ಸಿಕ್ಕಿಸಿ ಬರುವ ಸೊಸೆಯರನ್ನು ಕಂಡಿದ್ದೇನೆ. ಅಂಥ ಮನೆಗಳಿಗೆ ನಾನು ಎಂದೂ ಬೇಡ ಎಂದವಳಲ್ಲ. ಇರ್ಫಾನ್ ಹೋಗುವಾಗ ಸಿಟ್ಟಿನಲ್ಲೇ ಚಹಾ ಕೊಡಿಸಲೇ ಎಂದು ಕೇಳಿದ. ನಾನು ಒಲ್ಲೆ ಎಂದೆ, ಜೈನಾಬಿ ಹೂಂ ಎಂದಳು.

ನಾಯಿಯ ಪಾಳಿ

ನಡುಮಧ್ಯಾಹ್ನದ ಹೊತ್ತಿಗೆ ನನ್ನ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಒಂದು ಮೇಜಿನ ಬಳಿ ಪುಕ್ಕಟೆ ಬಿಸ್ಕೀಟು, ಇನ್ನೊಂದರ ಬಳಿ ಪುಕ್ಕಟೆ ಕೇಕು, ಯಾವುದೋ ಸಂಘದವರು ಕೈಗೇ ತುರುಕುತ್ತಿದ್ದ ಸಮೋಸಾ. ಯಾವ ಗಂಡಿನ ಮನೆಯವರೂ ನನಗೆ ಇಷ್ಟು ಜುಲುಮೆ ಮಾಡಿರಲಿಲ್ಲ. ಜೈನಾಬಿಯ ಚೀಲ ತುಂಬಿತ್ತು.

ಒಳ ಅಂಗಳದ ಹುಲ್ಲಿನ ಬದಿಯಲ್ಲಿ ಹುಡುಗ ಹುಡುಗಿಯರ ಉದ್ದ ಪಾಳಿ ಕಂಡಿತು. ರೇಷನ್ ಅಂಗಡಿಯ ಮುಂದೆಯೂ ಅಷ್ಟು ಶಿಸ್ತಾಗಿ ನಿಲ್ಲುವುದನ್ನು ನೋಡಿಲ್ಲ. ಏನು ಕೊಡುತ್ತಾರೆ ಎಂದು ಕೇಳಿದೆ.

"ನಾಯಿ ಆಂಟಿ" ಎಂದಳು ಅನಘಾ.

"ನಾಯಿ ಕೊಡ್ತಾರ?"

"ಇಲ್ಲ, ಮುಟ್ಟೋಕೆ. ಪರೀಕ್ಷೆ ಟೈಮಲ್ಲಿ ಮನಸ್ಸು ಹಗುರ ಆಗ್ಲಿ ಅಂತ ಕರೆಸ್ತಾರೆ. ಒಬ್ಬೊಬ್ಬರಿಗೆ ಸ್ವಲ್ಪ ಹೊತ್ತು."

ಪಾಳಿಯ ತುದಿಯಲ್ಲಿ ಚಾಪೆ. ಚಾಪೆಯ ಮೇಲೆ ಕೆಂಪು ಅಂಗಿ ಹಾಕಿದ, ಜೋಲು ಕಿವಿಯ, ತುಂಬಿದ ಮೈಯ ನಾಯಿ. ಪಕ್ಕದಲ್ಲಿ ಗಡಿಯಾರ ಹಿಡಿದ ಒಬ್ಬ ಹೆಂಗಸು. ಜಗತ್ತಿನ ಎಲ್ಲ ಮೂಲೆಗಳಿಂದ ಬಂದ ಜಾಣ ಮಕ್ಕಳು ಒಬ್ಬೊಬ್ಬರಾಗಿ ಹೋಗಿ ಮಂಡಿಯೂರಿ ನಾಯಿಯ ತಲೆ ಸವರಿ ಎದ್ದು ಬರುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ನರಗುಂದದ ಬಸ್‌ಸ್ಟ್ಯಾಂಡಿನ ನಾಯಿಗಳಿಗೆ ಈ ಸುದ್ದಿ ಗೊತ್ತಾದರೆ ಕೈಯಿಂದ ಭಜಿ ಕಸಿಯುವುದನ್ನು ಬಿಟ್ಟು ಗತ್ತು ಮಾಡುತ್ತವೆ ಎಂದೆ. ಜೈನಾಬಿ ಹುಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕಳು.

ಅನಘಾ ನಗಲಿಲ್ಲ. "ಆಂಟಿ, ಐದು ನಿಮಿಷ ಬರ್ಲಾ? ನನ್ನ ಹೆಸರೂ ಇದೆ ಅದ್ರಲ್ಲಿ" ಎಂದು ಮೆಲ್ಲಗೆ ಕೇಳಿದಳು.

ಅವಳ ಸರದಿ ಬರುವಾಗ ನಾನು ಹತ್ತಿರ ಹೋಗಿ ನಿಂತೆ. ಅವಳು ನಾಯಿಯ ಮುಂದೆ ಕೂತಳು. ಎರಡೂ ಕೈಯಲ್ಲಿ ಅದರ ಮುಖ ಹಿಡಿದುಕೊಂಡಳು. ಆಮೇಲೆ ಕನ್ನಡದಲ್ಲಿ ಕೇಳಿದಳು: "ಏನೋ ರಾಜಾ, ತಿಂಡಿ ಆಯ್ತಾ? ಊಟ ಏನು ಮಾಡಿದೆ? ನಿದ್ದೆ ಬಂತಾ ರಾತ್ರಿ?"

ನಾಯಿ ಅವಳ ಕೈ ನೆಕ್ಕಿತು. ಗಡಿಯಾರದ ಹೆಂಗಸು ಹೊತ್ತಾಯಿತು ಎಂದಳು. ಅನಘಾ ಎದ್ದು ನಾಲ್ಕು ಹೆಜ್ಜೆ ಬಂದವಳು ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಬೆನ್ನ ಮೇಲೆ "ನನ್ನನ್ನು ಏನು ಬೇಕಾದರೂ ಕೇಳಿ" ಎಂದಿತ್ತು, ಯಾರೂ ಏನೂ ಕೇಳಲಿಲ್ಲ. ಪಾಳಿಯಲ್ಲಿದ್ದವರು ಮರ್ಯಾದೆಯಿಂದ ಬೇರೆ ಕಡೆ ನೋಡಿದರು.

ನಾನು ಅವಳನ್ನು ಕರೆದುಕೊಂಡು ಹೋಗಿ ಕಲ್ಲುಬೆಂಚಿನ ಮೇಲೆ ಕೂರಿಸಿದೆ. ಅಳುತ್ತಲೇ ಹೇಳಿದಳು: ಮನೆಗೆ ಫೋನು ಮಾಡಿದರೆ ಎಲ್ಲ ಚೆನ್ನಾಗಿದೆ ಎನ್ನುತ್ತಾಳಂತೆ. ಬಂದವರಿಗೂ ಚೆನ್ನಾಗಿದೆ ಎನ್ನುತ್ತಾಳೆ. ಊಟ ಆಯಿತೇ ಎಂದು ಎದುರಿಗೆ ನಿಂತು ಕೇಳುವವರು ಒಬ್ಬರೂ ಇಲ್ಲ, ಹಾಗಾಗಿ ತಾನೇ ನಾಯಿಯನ್ನು ಕೇಳುತ್ತಾಳೆ. ಹೋದ ತಿಂಗಳೂ ಕೇಳಿದ್ದಳಂತೆ, ಆಗ ಬೇರೆ ನಾಯಿ ಇತ್ತು.

"ನಿಂದು ಊಟ ಆಗೈತೇನವ್ವಾ?" ಎಂದೆ.

ಇಲ್ಲವೆಂದು ತಲೆಯಾಡಿಸಿದಳು. ಅವಳ ಬ್ಯಾಗಿನಲ್ಲಿ ಬೆಳಗಿನ ಸ್ಯಾಂಡ್‌ವಿಚ್ ಹಾಗೇ ಇತ್ತು. ಬಿಚ್ಚಿ ಕೈಗೆ ಕೊಟ್ಟೆ, ಬಾಯಿಗೆ ಇಡಲಿಲ್ಲ. ಅಳುವ ಮಕ್ಕಳು ಉಣ್ಣದಿದ್ದರೆ ನಮ್ಮ ಕಡೆ ಏನು ಮಾಡುತ್ತೇವೆ? ಮೊದಲ ತುತ್ತು ನಾವು ತಿಂದು ತೋರಿಸುತ್ತೇವೆ. ಕೈ ತಾನಾಗಿ ಹೋಯಿತು. "ಇಲ್ಲಿ ನೋಡು, ನಾನೂ ತಿಂತೀನಿ, ನೀನೂ ತಿನ್ನು" ಎಂದು ದೊಡ್ಡ ತುತ್ತು ಕಚ್ಚಿದೆ. ತಣ್ಣಗೆ, ಸಪ್ಪಗೆ, ಒಳಗೆ ಸೌತೆಕಾಯಿ. ಅನಘಾ ಮೂಗು ಒರೆಸಿಕೊಂಡು ತಿನ್ನತೊಡಗಿದಳು. ನಾನು ಇನ್ನೊಂದು ತುತ್ತು ತಿಂದೆ. ಹಸಿದಿದ್ದೆನಲ್ಲ.

ತಲೆ ಎತ್ತಿದರೆ ಜೈನಾಬಿ ಎದುರಿಗೆ ಕಣ್ಣಗಲಿಸಿ ನಿಂತಿದ್ದಳು.

"ಶಾಂತಕ್ಕಾ! ಹುಡುಗೀನ್ನ ಕೊಟ್ಟಬಿಟ್ರಿ!"

ಬಾಯಲ್ಲಿದ್ದುದನ್ನು ಉಗಿಯುವ ಹಾಗಿಲ್ಲ, ನುಂಗುವ ಹಾಗಿಲ್ಲ. ಕೊನೆಗೆ ನುಂಗಿದೆ.

ಕಲ್ಲುಬೆಂಚು

ಅನಘಾಗೆ ಜೈನಾಬಿ ತನ್ನ ಚೀಲದ ಸಮೋಸಾ ಎಲ್ಲ ಕೊಟ್ಟಳು. ಆ ಹುಡುಗಿ ತಿಂದು ಮುಖ ತೊಳೆದು ಬಂದು ಮತ್ತೆ ನಗುಮುಖದವಳಾದಳು.

"ನಾನು ಬೆಳಗ್ಗೆ ಹೇಳಿದ್ದು ಸುಳ್ಳಲ್ಲ ಆಂಟಿ. ನನ್ನ ಕೆಲಸ ನನಗೆ ತುಂಬಾ ಇಷ್ಟ. ಲ್ಯಾಬಿಗೆ ಹೋದ್ರೆ ಹಸಿವೂ ಗೊತ್ತಾಗಲ್ಲ. ಬಿಟ್ಟು ಬಾ ಅಂದ್ರೆ ನಾನು ಬರಲ್ಲ. ಆದ್ರೆ ಸಂಜೆ ರೂಮಿಗೆ ಹೋದಾಗ..." ಎಂದು ನಿಲ್ಲಿಸಿದಳು. ಮುಂದಿನದು ಕೇಳುವ ಅಗತ್ಯವಿರಲಿಲ್ಲ. ಅವಳಿಗೆ ಇನ್ನೊಂದು ಗುಂಪಿಗೆ ವಿಶ್ವವಿದ್ಯಾಲಯ ತೋರಿಸುವುದಿತ್ತು. ನಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡಿ, ಹೊಸಬರ ಮುಂದೆ ಹಿಮ್ಮುಖವಾಗಿ ನಡೆಯುತ್ತಾ ಹೋದಳು.

"ನೀವು ತಿಂದದ್ದು ನಾ ಯಾರ ಮುಂದೂ ಹೇಳಂಗಿಲ್ರಿ" ಎಂದಳು ಜೈನಾಬಿ. "ಬ್ಯಾಡ ಅನ್ನೂದಿದ್ರ ಅನ್ರಿ."

ಒಳ್ಳೆಯ ಮನಸ್ಸಿನಿಂದ ಹೇಳಿದಳು. ಬೇಡ ಎನ್ನಲು ಬೇಕಾದದ್ದೆಲ್ಲ ಸಿಕ್ಕಿತ್ತು, ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ. ಸುಮಾ ಆ ಅಡುಗೆಮನೆಯಲ್ಲಿ ನಿಂತಂತೆ ಕಂಡಳು. ಅವಳು ಇದ್ದರೆ ಆ ಉಪ್ಪಿನ ಡಬ್ಬಿಗಳ ಮೇಲೆ ಹೆಸರು ಉಳಿಯುತ್ತಿರಲಿಲ್ಲ. ನಮ್ಮ ಅಂಗಡಿಗೆ ಬರುವವರನ್ನೆಲ್ಲ ಮೊದಲು ಚಹಾ ಆಯಿತೇ ಎಂದು ಕೇಳಿ ಆಮೇಲೆ ಬೀಜ ಕೊಡುವ ಹುಡುಗಿ ಅವಳು. ಇದನ್ನು ನೆನೆದು ಅಳು ಬಂತು. ಅತ್ತೂಬಿಟ್ಟೆ.

ಬೆಳವಣಕಿಯಲ್ಲಿ ದೀಪ ಹಚ್ಚುವ ಹೊತ್ತು ಕಳೆದಿತ್ತು. ಫೋನು ಮಾಡಿದೆ. ಈರಪ್ಪ ಮೊದಲನೇ ಗಂಟೆಗೇ ಎತ್ತಿದ.

"ಅಕ್ಕಾ, ನೋಡಿದೇನ ಮನಿ?"

"ನೋಡಿದೆ."

"ಹ್ಯಾಂಗೈತಿ?"

ಮನೆ ನೋಡಿ ಬಂದು ನಾನು ಎಂದೂ ಮುಚ್ಚುಮರೆ ಮಾಡಿದವಳಲ್ಲ. ಎಲ್ಲ ಹೇಳಿದೆ. "ಅಡಿಗಿಮನಿಯಾಗ ಎಲ್ಲಾರೂ ಬ್ಯಾರಿ ಬ್ಯಾರಿ. ತತ್ತಿ ಮ್ಯಾಲೂ ಹೆಸರು ಬರದಿಟ್ಟಾರ. ಖೋಲಿ ಸಣ್ಣು. ಬಿಸಲಿಲ್ಲ. ಮಾಸ್ತರು ಚಲೋ ಅದಾರಂತ, ಓದು ಚಲೋ ಐತಂತ. ಬಾಜೂದವರು ಮಾತಾಡಂಗಿಲ್ಲ. ಹುಡುಗ್ಯಾರು ಅಳತಾರ."

ಈರಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. "ನನಗ ಮೊದಲ ಅನಮಾನ ಇತ್ತಕ್ಕಾ. ಆತು ಬಿಡು, ಬರಂಗಿಲ್ಲ ಅಂತ ನಾಳೆ ತಿಳಸ್ತೀವಿ."

ಅವನ ಹಿಂದೆ ಯಾರೋ ಪಾತ್ರೆ ತೊಳೆಯುತ್ತಿದ್ದ ಸಪ್ಪಳ ನಿಂತಿತು. ಅದು ಸುಮಾ ಎಂದು ನನಗೆ ಗೊತ್ತು. ತಿಂದುಬಿಟ್ಟೆ, ಇನ್ನು ಉಪಾಯವಿಲ್ಲ ಎಂದು ಹೇಳಿಬಿಡಬಹುದಿತ್ತು. ಆ ನೆಪ ನನಗೆ ಬೇಡವಾಯಿತು.

"ನನ್ನ ಮಾತು ಮುಗದಿಲ್ಲೋ ಈರಪ್ಪಾ. ಹುಡುಗೀನ್ನ ಕಳಸು."

"ಹುಡುಗ್ಯಾರು ಅಳತಾರ ಅಂತಿ, ಕಳಸು ಅಂತಿ! ನಮ್ಮ ಸುಮಾ ಅತ್ತರ ಅಲ್ಲಿ ಯಾರ ನೋಡ್ತಾರ?"

"ಅದು ನನಗ ಗೊತ್ತಿಲ್ಲ. ಆದ್ರ ಇಲ್ಲಿ ಅನಘಾ ಅಂತ ಒಬ್ಬಾಕಿ ಹುಡುಗಿ ಅದಾಳ. ಇನ್ನೂ ಎರಡ ವರ್ಷ ಇಲ್ಲೇ ಇರಾಕಿ. ಊಟ ಆತೇನು ಅಂತ ನಾಯೀನ್ನ ಕೇಳ್ತಾಳ, ಕನ್ನಡದಾಗ. ಆಕೀನ್ನ ಯಾರಾರ ಕೇಳಬೇಕಲ್ಲೋ. ಸುಮಾನ್ನ ಕಳಸು."

ಲೈನು ಹೋಯಿತೆಂದು ಫೋನನ್ನು ಕಿವಿಯಿಂದ ತೆಗೆದು ನೋಡಿದೆ, ಹೋಗಿರಲಿಲ್ಲ. ಜೈನಾಬಿ ಹತ್ತಿರ ಸರಿದು ಕಿವಿ ಇಟ್ಟಳು.

"ಯಾವೂರ ಹುಡುಗಿ?" ಎಂದ ಈರಪ್ಪ.

"ಮೈಸೂರಾಕಿ."

ಈರಪ್ಪ ಗಂಟಲು ಸರಿ ಮಾಡಿಕೊಂಡ.

"ಖಡಕ್ ರೊಟ್ಟಿ ತಿಂತಾಳೇನು ಆಕಿ?"